ಅರಳದ ಹೂ, ಕತ್ತಲಾಗದ ರಾತ್ರಿ: ಕುಪಾಲಾ ಹಬ್ಬವನ್ನು ಚಿತ್ರಕಾರರು ಕಂಡ ಬಗೆ

ಜರಿಗಿಡ ಹೂ ಬಿಡುವುದಿಲ್ಲ. ಮಲೆನಾಡಿನ ಹಳ್ಳದ ಅಂಚಿನ ಜರಿಯೂ ಅಷ್ಟೇ, ಬೆಲಾರೂಸಿನ ಕಾಡಿನ ಜರಿಯೂ ಅಷ್ಟೇ. ಎಲೆಯನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಅದರೊಳಗಿನ ಪುಡಿಯಂಥ ಬೀಜಕಗಳಿಂದಲೇ ಹೊಸ ಗಿಡ ಹುಟ್ಟುತ್ತದೆ. ಹೂವಿಗೆ ಅಲ್ಲಿ ಕೆಲಸವೇ ಇಲ್ಲ.

ಆದರೂ ಉಕ್ರೇನ್, ಬೆಲಾರೂಸ್, ಪೋಲೆಂಡ್, ರಷ್ಯಾದ ಹಳ್ಳಿಗಳಲ್ಲಿ ಒಂದು ಹಳೆಯ ನಂಬಿಕೆ ಇದೆ. ವರ್ಷದಲ್ಲಿ ಒಂದೇ ಒಂದು ರಾತ್ರಿ, ಸರಿಯಾಗಿ ನಡುರಾತ್ರಿಗೆ, ಜರಿಗಿಡ ಅರಳುತ್ತದೆ. ಹೂ ಕೆಂಡದ ಹಾಗೆ ಹೊಳೆಯುತ್ತದೆ. ಅದು ಸಿಕ್ಕವರಿಗೆ ನೆಲದಡಿಯ ನಿಧಿ ಕಾಣುತ್ತದೆ, ಪ್ರಾಣಿಗಳ ಮಾತು ತಿಳಿಯುತ್ತದೆ. ಹಾಗಾಗಿ ಆ ರಾತ್ರಿ ಹುಡುಗ ಹುಡುಗಿಯರು ಜೋಡಿಯಾಗಿ ಕಾಡಿಗೆ ಹೋಗುತ್ತಾರೆ. ಹೂ ಹುಡುಕುವುದು ಒಂದು ನೆಪ ಅನ್ನುವುದು ಊರಿಗೆಲ್ಲ ಗೊತ್ತು. ಆದರೂ ಆ ನೆಪವನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಈ ರಾತ್ರಿಯ ಹೆಸರು ಕುಪಾಲಾ ರಾತ್ರಿ. ಚಿತ್ರಕಾರರು ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಇದರ ಬೆನ್ನು ಹತ್ತಿದ್ದಾರೆ, ಇಂದಿಗೂ ಬಿಟ್ಟಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ರಾಶಿ ರಾಶಿ ಚಿತ್ರ ಸಿಗುತ್ತವೆ. ಬಹುಪಾಲು ಒಂದೇ ತರಹ. ಬಿಳಿ ಅಂಗಿಯ ಹುಡುಗಿ, ತಲೆಗೆ ದೊಡ್ಡ ಹೂದಂಡೆ, ಕೈಯಲ್ಲಿ ಮೇಣದಬತ್ತಿ, ಹಿಂದೆ ಕೆರೆ. ನೋಡಲು ಚೆಂದವೇ. ಆದರೆ ಹತ್ತು ನೋಡುವಷ್ಟರಲ್ಲಿ ಎಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ಕೆಲವು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತವೆ. ಯಾಕೆ ಅವು ನಿಲ್ಲುತ್ತವೆ, ಉಳಿದವು ಯಾಕೆ ನಿಲ್ಲುವುದಿಲ್ಲ ಅನ್ನುವುದನ್ನು ಬಿಡಿಸಿ ನೋಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ನನಗೆ ಅನಿಸುವುದು ಇಷ್ಟು: ಕುಪಾಲಾ ಮೊದಲು ಬೆಳಕಿನ ಹಬ್ಬ. ಹೂವು, ಉಡುಗೆ, ದೇವರು ಎಲ್ಲ ಆಮೇಲೆ ಬಂದವು. ಹೂವಿನಿಂದ ಶುರುಮಾಡಿದ ಚಿತ್ರಕಾರರು ಹೂವಿನಲ್ಲೇ ನಿಂತುಬಿಡುತ್ತಾರೆ. ಬೆಳಕಿನಿಂದ ಶುರುಮಾಡಿದವರು ಆ ರಾತ್ರಿಯೊಳಗೆ ಹೋಗುತ್ತಾರೆ.

ಪೂರ್ತಿ ಕತ್ತಲಾಗದ ರಾತ್ರಿ

ಇದು ನಮಗೆ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ಯಾಕೆಂದರೆ ನಮ್ಮ ಕಡೆ ಹಗಲು ರಾತ್ರಿಯ ಅಳತೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಬೆಂಗಳೂರಿನಲ್ಲಿ ಜೂನ್ 21ರ ಅತಿ ಉದ್ದದ ಹಗಲು ಕೂಡ 13 ಗಂಟೆಗೆ ಸ್ವಲ್ಪ ಕಡಿಮೆಯೇ. ಸೂರ್ಯ ಮುಳುಗಿದ ಸುಮಾರು ಒಂದೂಕಾಲು ಗಂಟೆಯಲ್ಲಿ ಗಾಢ ಕತ್ತಲು. ಅದೂ ಮಳೆಗಾಲದ ಮೋಡದ ದಿನಗಳು. ಬೇಸಿಗೆ ಮುಗಿಯಿತಲ್ಲ ಅಂತ ನಾವು ಉಸಿರು ಬಿಡುವ ಕಾಲ.

ಕೀವ್ ನಗರದಲ್ಲಿ ಅದೇ ದಿನದ ಹಗಲು 16 ಗಂಟೆಗೂ ಜಾಸ್ತಿ. ಮಿನ್ಸ್ಕ್‌ನಲ್ಲಿ ಸುಮಾರು 17 ಗಂಟೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅಲ್ಲಿ ಆ ದಿನಗಳಲ್ಲಿ ಸೂರ್ಯ ದಿಗಂತದ ಕೆಳಗೆ ಬಹಳ ಆಳಕ್ಕೆ ಇಳಿಯುವುದೇ ಇಲ್ಲ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗೆ ಹೋದಾಗ ಆಕಾಶ ಪೂರ್ತಿ ಕತ್ತಲಾಗುತ್ತದೆ ಅನ್ನುವುದು ಖಗೋಳದವರ ಲೆಕ್ಕ. ಮಿನ್ಸ್ಕ್‌ನಲ್ಲಿ ನಡುರಾತ್ರಿಯಲ್ಲೂ ಸೂರ್ಯ ಸುಮಾರು 13 ಡಿಗ್ರಿ ಮಾತ್ರ ಇಳಿದಿರುತ್ತಾನೆ. ಹಾಗಾಗಿ ಉತ್ತರದ ಅಂಚಿನಲ್ಲಿ ಒಂದು ಮಸುಕು ಬೆಳಕು ರಾತ್ರಿಯಿಡೀ ಉಳಿಯುತ್ತದೆ. ಮುಸ್ಸಂಜೆ ಹಾಗೇ ಜರುಗುತ್ತಾ ಹೋಗಿ ನಸುಕಾಗುತ್ತದೆ. ಚಳಿಗಾಲದಲ್ಲಿ ಎಂಟು ಗಂಟೆಯ ಹಗಲನ್ನು ತಿಂಗಳುಗಟ್ಟಲೆ ಸಹಿಸಿದ ಜನಕ್ಕೆ ಇದು ಎಂಥ ರಾತ್ರಿ ಅಂತ ಊಹಿಸಿ. ಮಲಗಲು ಯಾರಿಗೆ ಮನಸ್ಸು ಬರುತ್ತದೆ?

ಹೆಸರಿನ ಕಥೆ ಚಿಕ್ಕದು. 'ಕುಪಾತಿ' ಅಂದರೆ ಸ್ನಾನ ಮಾಡಿಸು, ನೀರಲ್ಲಿ ಮೀಯಿಸು. ಇವಾನ್ ಅಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನ. ಯೋಹಾನನ ಜನ್ಮದಿನ ಜೂನ್ 24. ಹಳ್ಳಿಗರ ಹಳೆಯ ಬೇಸಿಗೆ ಹಬ್ಬವೂ ಚರ್ಚಿನ ಹಬ್ಬವೂ ಒಂದೇ ಹೊತ್ತಿಗೆ ಬಿದ್ದು 'ಇವಾನ್ ಕುಪಾಲಾ' ಅನ್ನುವ ಜೋಡಿ ಹೆಸರು ನಿಂತಿತು. ಪೋಲೆಂಡಿನಲ್ಲಿ ಇದೇ ಹಬ್ಬಕ್ಕೆ ಸೊಬುಟ್ಕಾ ಅನ್ನುತ್ತಾರೆ. ಹಳೆಯ ಜೂಲಿಯನ್ ಕ್ಯಾಲೆಂಡರ್ ಇಂದಿನದಕ್ಕಿಂತ 13 ದಿನ ಹಿಂದೆ. ಅದನ್ನು ಅನುಸರಿಸುವ ಕಡೆ ಹಬ್ಬ ಜುಲೈ 6ರ ರಾತ್ರಿಗೆ ಬೀಳುತ್ತದೆ. ಉಕ್ರೇನಿನ ಮುಖ್ಯ ಚರ್ಚುಗಳು 2023ರಲ್ಲಿ ಹೊಸ ಲೆಕ್ಕಕ್ಕೆ ಬದಲಾದವು. ಹಾಗಾಗಿ ಅಲ್ಲಿ ಈಗ ಬಹಳ ಜನ ಜೂನ್ 23ರ ರಾತ್ರಿಯೇ ಹಬ್ಬ ಮಾಡುತ್ತಾರೆ.

ಬೆಂಕಿ ಮತ್ತು ನೀರಿನ ನಡುವೆ

ಹೊಳೆಯ ದಡದಲ್ಲಿ ಅಥವಾ ಕೆರೆಯ ಪಕ್ಕದಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ. ನೀರಿನ ಹತ್ತಿರವೇ ಯಾಕೆ ಅಂದರೆ ಈ ರಾತ್ರಿ ಎರಡೂ ಬೇಕು. ಹುಡುಗ ಹುಡುಗಿ ಕೈ ಹಿಡಿದು ಬೆಂಕಿಯ ಮೇಲೆ ಹಾರುತ್ತಾರೆ. ಹಾರುವಾಗ ಕೈ ಬಿಡದಿದ್ದರೆ ಜೋಡಿ ಉಳಿಯುತ್ತದೆ ಅಂತ ನಂಬಿಕೆ. ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಬೆಂಕಿ ದಾಟುವುದು ಹೊಸದೇನಲ್ಲ. ಹಳೆಯ ಬಂಡಿಚಕ್ರಕ್ಕೆ ಹುಲ್ಲು ಸುತ್ತಿ, ಬೆಂಕಿ ಹಚ್ಚಿ, ಗುಡ್ಡದಿಂದ ನೀರಿನ ಕಡೆಗೆ ಉರುಳಿಸುವ ರೂಢಿಯೂ ಇತ್ತು. ಸೂರ್ಯ ಇನ್ನು ಕೆಳಗಿಳಿಯಲು ಶುರು ಅನ್ನುವುದನ್ನು ಕಣ್ಣೆದುರೇ ತೋರಿಸುವ ಆಟ ಅದು. ಕಾಯಿಲೆ ಬಿದ್ದ ಮಗುವಿನ ಅಂಗಿಯನ್ನು ತಾಯಂದಿರು ಇದೇ ಬೆಂಕಿಗೆ ಹಾಕುತ್ತಿದ್ದರು, ಕಾಯಿಲೆ ಅದರ ಜೊತೆ ಸುಟ್ಟುಹೋಗಲಿ ಅಂತ. ಚಿತ್ರಗಳಲ್ಲಿ ಈ ತಾಯಿ ನನಗೆ ಅಪರೂಪಕ್ಕೂ ಕಂಡಿಲ್ಲ. ಬರೆಯಬೇಕಾದವಳು ಅವಳೇ ಅಂತ ನನಗೆ ಅನ್ನಿಸುತ್ತದೆ.

ಹುಡುಗಿಯರು ಕಾಡುಹೂ, ಗಿಡಮೂಲಿಕೆ ಸೇರಿಸಿ ದಂಡೆ ಕಟ್ಟಿ, ಅದರಲ್ಲಿ ಮೇಣದಬತ್ತಿ ಇಟ್ಟು ನೀರಿಗೆ ಬಿಡುತ್ತಾರೆ. ದೂರ ತೇಲಿದರೆ ಬೇಗ ಮದುವೆ. ಮುಳುಗಿದರೆ ಅಪಶಕುನ. ಬತ್ತಿ ಹೆಚ್ಚು ಹೊತ್ತು ಉರಿದರೆ ಹೆಚ್ಚು ಆಯಸ್ಸು. ಇದೇ ರಾತ್ರಿ ಮಾಟಗಾತಿಯರು ಬಂದು ಹಸುವಿನ ಹಾಲು ಕದಿಯುತ್ತಾರೆ ಅನ್ನುವ ಭಯವೂ ಇದೆ. ಅದಕ್ಕೆ ಹೊಸ್ತಿಲ ಮೇಲೆ ತುರಚೆ ಸೊಪ್ಪು ಇಡುತ್ತಾರೆ. ನೀರಿನಲ್ಲಿ ರುಸಾಲ್ಕಾಗಳಿರುತ್ತಾರೆ, ಅಂದರೆ ನೀರಿಗೆ ಬಿದ್ದು ಸತ್ತ ಹುಡುಗಿಯರ ಆತ್ಮಗಳು. ಅವರು ಹತ್ತಿರ ಬರದಿರಲಿ ಅಂತ ನಮ್ಮ ಮಾಚಿಪತ್ರೆಯ ಜಾತಿಗೆ ಸೇರಿದ ಕಹಿ ಸೊಪ್ಪು ಇಟ್ಟುಕೊಳ್ಳುತ್ತಾರೆ. ಸಂತೋಷ ಮತ್ತು ಭಯ ಇಲ್ಲಿ ಒಂದೇ ದಡದಲ್ಲಿ ಕೂತಿವೆ. ಸುಮ್ನೆ ಚೆಂದ ಮಾಡಲು ಹೊರಟ ಚಿತ್ರಗಳಲ್ಲಿ ಮೊದಲು ಕಳೆದುಹೋಗುವುದು ಈ ಭಯ.

ಇಷ್ಟೆಲ್ಲ ವಿವರ ನಮಗೆ ಹೇಗೆ ಗೊತ್ತಾಯಿತು? ಹಬ್ಬವನ್ನು ದ್ವೇಷಿಸಿದವರಿಂದಲೂ ಗೊತ್ತಾಯಿತು. 1505ರಲ್ಲಿ ಪ್ಸ್ಕೋವ್ ಊರಿನ ಬಳಿಯ ಮಠದ ಮುಖ್ಯಸ್ಥ ಪಂಫೀಲ್ ಅನ್ನುವವರು ಊರಿನ ಅಧಿಕಾರಿಗಳಿಗೆ ಒಂದು ದೂರಿನ ಪತ್ರ ಬರೆದರು. ಡೋಲು, ಕೊಳಲು, ಕುಣಿತ, ಹೆಂಗಸರು ಕಾಡಿಗೆ ಹೋಗಿ ಬೇರು ಸೊಪ್ಪು ಕೀಳುವುದು, ಎಲ್ಲವನ್ನೂ ಬೈದು ಬರೆದರು. ನಿಲ್ಲಿಸಬೇಕು ಅಂತ ಬರೆದ ಪತ್ರವೇ ಆ ರಾತ್ರಿಯ ಸದ್ದುಗದ್ದಲವನ್ನು ಇಂದಿನವರೆಗೂ ಕಾಪಾಡಿದೆ.

ಕಣ್ಣು ಮಾಡುವ ಕೆಲಸ

ಈಗ ಚಿತ್ರಕಾರರ ಜಾಗದಲ್ಲಿ ನಿಂತು ನೋಡೋಣ. ಅವರ ಎದುರಿಗೆ ಒಂದು ಬೆಳಕಲ್ಲ, ಕನಿಷ್ಠ ಮೂರು. ಉತ್ತರದ ಆಕಾಶದಲ್ಲಿ ಹಸಿರು-ನೀಲಿಯ ಮಸುಕು ಬೆಳಕು. ದಡದಲ್ಲಿ ಕಿತ್ತಳೆ ಬಣ್ಣದ ಬೆಂಕಿ. ನೀರಿನ ಮೇಲೆ ಪುಟ್ಟ ಪುಟ್ಟ ಬತ್ತಿಗಳು, ಒಂದೊಂದಕ್ಕೂ ಕೆಳಗೆ ನೀರಿನಲ್ಲಿ ಉದ್ದಕ್ಕೆ ನಡುಗುವ ಒಂದು ನೆರಳುಬಿಂಬ. ಆಕಾಶದ ಬೆಳಕು ಮೇಲಿನಿಂದ ಮೆಲ್ಲಗೆ ಬೀಳುತ್ತದೆ, ನೆರಳೇ ಮಾಡುವುದಿಲ್ಲ. ಬೆಂಕಿಯ ಬೆಳಕು ಕೆಳಗಿನಿಂದ ಬರುತ್ತದೆ. ಗಲ್ಲದ ಅಡಿ, ಮೂಗಿನ ಕೆಳಗು, ಹುಬ್ಬಿನ ಒಳಮೈ ಬೆಳಗುತ್ತವೆ. ನೆರಳು ಹಣೆಯ ಕಡೆಗೆ ಏರುತ್ತದೆ. ನಾವು ದಿನಾ ನೋಡುವ ಮುಖವೇ ತಲೆಕೆಳಗಾದಂತೆ ಕಾಣುತ್ತದೆ. ಯಕ್ಷಗಾನದ ಹಳೆಯ ದೊಂದಿ ಬೆಳಕಿನ ಆಟದ ಬಗ್ಗೆ ಹಿರಿಯರು ಹೇಳುವುದನ್ನು ಕೇಳಿದ್ದರೆ ಉರಿಯುವ ಬೆಳಕು ಮುಖವನ್ನು ಹೇಗೆ ಬದಲಿಸುತ್ತದೆ ಅಂತ ನಿಮಗೆ ಗೊತ್ತಿರುತ್ತದೆ.

ಇದರ ಮೇಲೆ ಇನ್ನೊಂದು ತೊಡಕು ಇದೆ. ಅದನ್ನು ಕಂಡುಹಿಡಿದವರು ಒಬ್ಬ ಸ್ಲಾವ್ ವಿಜ್ಞಾನಿಯೇ (ರಷ್ಯನ್, ಉಕ್ರೇನಿಯನ್, ಪೋಲಿಷ್, ಚೆಕ್‌ನಂಥ ಒಂದೇ ಮೂಲದ ನುಡಿಗಳನ್ನಾಡುವ ಜನರನ್ನು ಸ್ಲಾವ್ ಅನ್ನುತ್ತಾರೆ). 19ನೇ ಶತಮಾನದ ಮೊದಲ ಭಾಗದಲ್ಲಿ ಚೆಕ್ ನಾಡಿನ ಯಾನ್ ಪುರ್ಕಿನ್ಯೆ ಒಂದು ವಿಚಿತ್ರ ಗಮನಿಸಿದರು. ಹಗಲಿನಲ್ಲಿ ಕಣ್ಣಿಗೆ ಹೊಡೆಯುವ ಕೆಂಪು ಹೂ ನಸುಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಹಗಲಿನಲ್ಲಿ ಮಂಕಾಗಿದ್ದ ನೀಲಿ ಹೂವೂ ಹಸಿರು ಎಲೆಯೂ ಆಗ ಬೆಳಗುತ್ತವೆ. ಕಾರಣ ನಮ್ಮ ಕಣ್ಣೊಳಗಿದೆ. ಬೆಳಕು ಚೆನ್ನಾಗಿದ್ದಾಗ ಕೆಲಸ ಮಾಡುವ ಜೀವಕೋಶಗಳು ಬೇರೆ, ಮಬ್ಬಿನಲ್ಲಿ ಕೆಲಸ ಮಾಡುವವು ಬೇರೆ. ಮಬ್ಬಿನ ಕೋಶಗಳಿಗೆ ಕೆಂಪು ಕಾಣುವುದೇ ಇಲ್ಲ ಅನ್ನುವಷ್ಟು ಕಡಿಮೆ. ಇದಕ್ಕೆ ಇಂದಿಗೂ ಪುರ್ಕಿನ್ಯೆಯ ಹೆಸರೇ ಇದೆ. ನೀವೇ ಮಾಡಿ ನೋಡಬಹುದು. ಸಂಜೆ ಕರೆಂಟ್ ಹೋದಾಗ ಅಂಗಳದ ಕೆಂಪು ದಾಸವಾಳವನ್ನೂ ಪಕ್ಕದ ಶಂಖಪುಷ್ಪವನ್ನೂ ನೋಡಿ. ದಾಸವಾಳ ಮೊದಲು ಆರುತ್ತದೆ.

ಇದನ್ನು ಕುಪಾಲಾ ರಾತ್ರಿಯ ಉಡುಗೆಗೆ ಹಚ್ಚಿ ನೋಡಿ. ಬಿಳಿ ನಾರುಬಟ್ಟೆಯ ಅಂಗಿ, ತೋಳಿನ ಮೇಲೆ ಕೆಂಪು ದಾರದ ಕಸೂತಿ. ಬೆಂಕಿಯ ಕಡೆಗಿರುವ ತೋಳಿನಲ್ಲಿ ಬಟ್ಟೆ ಕಿತ್ತಳೆಯಾಗುತ್ತದೆ, ಕಸೂತಿ ಅದರೊಳಗೆ ಹೆಚ್ಚುಕಮ್ಮಿ ಕರಗಿಹೋಗುತ್ತದೆ. ಕತ್ತಲ ಕಡೆಗಿರುವ ತೋಳಿನಲ್ಲಿ ಅದೇ ಬಟ್ಟೆ ನೀಲಿ, ಅದೇ ಕಸೂತಿ ಕಪ್ಪು. ಒಂದೇ ಅಂಗಿ, ಎರಡು ರಾತ್ರಿ. ಇದನ್ನು ಕಣ್ಣಾರೆ ನೋಡಿದ ಚಿತ್ರಕಾರರು ಕಸೂತಿಯನ್ನು ಎರಡೂ ಕಡೆ ಒಂದೇ ಕೆಂಪಿನಲ್ಲಿ ಬರೆಯುವುದಿಲ್ಲ. ಫೋಟೊ ನೋಡಿ ಅಥವಾ ಮ್ಯೂಸಿಯಮ್ಮಿನ ಟ್ಯೂಬ್‌ಲೈಟಿನಡಿ ಅಂಗಿ ನೋಡಿ ಬರೆದವರು ಬರೆಯುತ್ತಾರೆ. ಚಿತ್ರ ನಿಲ್ಲುವುದು, ಜಾರುವುದು ಎಷ್ಟೋ ಸಲ ಇಂಥ ಒಂದು ತೋಳಿನಲ್ಲೇ ತೀರ್ಮಾನವಾಗುತ್ತದೆ.

ಜನಪದರ ಕಣ್ಣಿಗೂ ಬಣ್ಣದ ಈ ಜಗಳ ಕಂಡಿತ್ತು. ಈ ಹಬ್ಬಕ್ಕೆ ಕೀಳುವ ಒಂದು ಕಾಡುಗಿಡಕ್ಕೆ 'ಇವಾನ್-ದಾ-ಮಾರ್ಯಾ' ಅಂತ ಹೆಸರು, ಅಂದರೆ ಇವಾನ್ ಮತ್ತು ಮಾರ್ಯಾ. ಅದರ ಹೂ ಹಳದಿ. ಹೂವಿನ ಸುತ್ತಲಿನ ಮೇಲೆಲೆಗಳು ನೇರಳೆ. ಒಬ್ಬರನ್ನೊಬ್ಬರು ಬಿಟ್ಟಿರಲಾಗದ ಅಣ್ಣ ತಂಗಿಯೇ ಈ ಗಿಡವಾದರು ಅನ್ನುವ ಕಥೆ ಇದೆ. ಹಳದಿ ಬೆಂಕಿ, ನೇರಳೆ ನೀರು ಅಂತಲೂ ಹೇಳುತ್ತಾರೆ. ಚಿತ್ರಕಲೆಯ ತರಗತಿಯಲ್ಲಿ ಬಣ್ಣದ ಚಕ್ರ ಕಲಿಸುವಾಗ ಹಳದಿ ಮತ್ತು ನೇರಳೆ ಎದುರುಬದುರು ಬಣ್ಣಗಳು, ಪಕ್ಕ ಪಕ್ಕ ಇಟ್ಟರೆ ಒಂದನ್ನೊಂದು ಹೆಚ್ಚಿಸುತ್ತವೆ ಅಂತ ಹೇಳಿಕೊಡುತ್ತಾರೆ. ಆ ಪಾಠ ಕಾಡಿನಲ್ಲೇ ಬೆಳೆದು ನಿಂತಿತ್ತು.

ದೀಪ ಹುಡುಕಿ ಕ್ಯಾನ್ವಾಸಿನ ಹಿಂದೆ ಹೋದವರು

1856ರಲ್ಲಿ ಇವಾನ್ ಸೊಕೊಲೊವ್ 'ಇವಾನ್ ಕುಪಾಲಾ ರಾತ್ರಿ' ಅನ್ನುವ ಎಣ್ಣೆ ಬಣ್ಣದ ಚಿತ್ರ ಬರೆದರು. ಉಕ್ರೇನಿನ ಹಳ್ಳಿಯ ಹುಡುಗ ಹುಡುಗಿಯರು, ಬೆಂಕಿ, ಹಾರುವ ಆಟ. ಆ ಕಾಲದಲ್ಲಿ ಅಕಾಡೆಮಿಗಳಲ್ಲಿ ಗ್ರೀಕ್ ಪುರಾಣವೂ ಬೈಬಲ್ಲೂ ದೊಡ್ಡ ವಿಷಯಗಳು. ಹಳ್ಳಿಯ ಹಬ್ಬವನ್ನು ಹೀಗೆ ಎತ್ತಿಕೊಂಡದ್ದೇ ಒಂದು ಹೆಜ್ಜೆ. 1871ರಲ್ಲಿ ಇವಾನ್ ಕ್ರಾಮ್ಸ್ಕೊಯ್ ರುಸಾಲ್ಕಾಗಳನ್ನು ಬರೆದರು. ಬೆಳದಿಂಗಳಲ್ಲಿ ಕೊಳದ ದಡಕ್ಕೆ ಬಂದು ಕೂತ ಬಿಳಿ ಉಡುಗೆಯ ಹುಡುಗಿಯರು. ಅವರಲ್ಲಿ ಯಾರೂ ಯಾರನ್ನೂ ನೋಡುತ್ತಿಲ್ಲ. ಆ ಚಿತ್ರದ ತಣ್ಣನೆಯ ದುಃಖ ಅಲ್ಲಿಂದ ಬರುತ್ತದೆ.

ಆದರೆ ಆ ನಾಡಿನ ರಾತ್ರಿಯ ಬೆಳಕನ್ನು ನಿಜವಾಗಿ ಬಿಡಿಸಿದವರು ಆರ್ಕಿಪ್ ಕುಯಿಂಜಿ. ಮರಿಯುಪೊಲ್ ಊರಿನವರು. 1880ರಲ್ಲಿ ಅವರು 'ದ್ನೀಪರ್ ಹೊಳೆಯ ಮೇಲೆ ಬೆಳದಿಂಗಳ ರಾತ್ರಿ' ಚಿತ್ರವನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರದರ್ಶನಕ್ಕೆ ಇಟ್ಟರು. ಒಂದು ಹಾಲ್, ಅದರಲ್ಲಿ ಈ ಒಂದೇ ಚಿತ್ರ. ಕಿಟಕಿಗಳಿಗೆ ಪರದೆ, ಚಿತ್ರದ ಮೇಲೆ ಮಾತ್ರ ದೀಪ. ಜನ ಬೀದಿಯುದ್ದಕ್ಕೂ ಸಾಲು ನಿಂತರು. ಚಂದ್ರ ಅಷ್ಟು ನಿಜವಾಗಿ ಹೊಳೆಯುತ್ತಿದ್ದ. ಕೆಲವರು ಕ್ಯಾನ್ವಾಸಿನ ಹಿಂದೆ ದೀಪ ಇಟ್ಟಿದ್ದಾರೇನೋ ಅಂತ ಬಗ್ಗಿ ನೋಡಿದರು.

ದೀಪ ಇರಲಿಲ್ಲ. ಇದ್ದದ್ದು ಬಣ್ಣಗಳ ಲೆಕ್ಕ. ನೆಲದ ಕತ್ತಲನ್ನು ಕುಯಿಂಜಿ ಬೆಚ್ಚಗಿನ ಕಂದು-ಕೆಂಪಿನ ಕಡೆಗೆ ಇಟ್ಟರು. ಚಂದ್ರ ಮತ್ತು ಹೊಳೆಯನ್ನು ತಣ್ಣನೆಯ ಹಸಿರಿನ ಕಡೆಗೆ ಇಟ್ಟರು. ಬೆಚ್ಚನೆಯ ಕತ್ತಲಿನ ಪಕ್ಕದಲ್ಲಿ ತಣ್ಣನೆಯ ಬೆಳಕು ಇರುವುದಕ್ಕಿಂತ ಹೆಚ್ಚಾಗಿ ಹೊಳೆಯಿತು. ದೂರದ ಒಂದು ಗುಡಿಸಲಿನ ಕಿಟಕಿಯಲ್ಲಿ ಪುಟ್ಟ ಕೆಂಪು ಬೆಳಕು ಇಟ್ಟರು, ಅಷ್ಟೇ. ರಸಾಯನಶಾಸ್ತ್ರಜ್ಞ ಮೆಂಡಲೀವ್ ಇವರ ಗೆಳೆಯರು. ಬಣ್ಣಗಳ ಗುಣ, ಬೆಳಕಿನ ಗುಣ ಎರಡರ ಬಗ್ಗೆಯೂ ಕುಯಿಂಜಿಗೆ ತೀರದ ಕುತೂಹಲ. ಹಾಗಿದ್ದೂ ಒಂದು ನಷ್ಟ ತಪ್ಪಲಿಲ್ಲ. ಅವರು ಬಳಸಿದ ಬಣ್ಣ ವರ್ಷಗಳು ಕಳೆದಂತೆ ಕಪ್ಪಾಗತೊಡಗಿತು. ಇಂದು ನಾವು ನೋಡುವ ಚಿತ್ರ 1880ರ ಆ ಸಾಲಿನಲ್ಲಿ ನಿಂತವರು ಕಂಡದ್ದಕ್ಕಿಂತ ಗಾಢ.

ಈ ಚಿತ್ರದಲ್ಲಿ ಬೆಂಕಿ ಇಲ್ಲ, ಹೂದಂಡೆ ಇಲ್ಲ, ಹಬ್ಬದ ಹೆಸರೂ ಇಲ್ಲ. ಆದರೂ ಕುಪಾಲಾ ಬರೆಯಲು ಹೊರಟ ಯಾವ ಯುವ ಚಿತ್ರಕಾರರಿಗಾದರೂ ನಾನು ಮೊದಲು ತೋರಿಸುವುದು ಇದನ್ನೇ. ರಾತ್ರಿ ಅಂದರೆ ಕಪ್ಪು ಬಳಿಯುವುದಲ್ಲ ಅಂತ ಇದು ಒಂದೇ ನೋಟಕ್ಕೆ ಹೇಳಿಕೊಡುತ್ತದೆ.

ಹೋಲಿಕೆಗೆ ಸ್ಲಾವ್ ನಾಡಿನ ಆಚೆಯ ಒಬ್ಬರ ಹೆಸರು ಹೇಳಬೇಕು. ನಾರ್ವೆಯ ನಿಕೊಲಾಯ್ ಆಸ್ಟ್ರುಪ್ ಅದೇ ಬೇಸಿಗೆ ರಾತ್ರಿಯ ಬೆಂಕಿಯನ್ನು ಮತ್ತೆ ಮತ್ತೆ ಬರೆದರು. ಅವರ ತಂದೆ ಪಾದ್ರಿ. ಆ ಹಬ್ಬ ಕ್ರೈಸ್ತರದಲ್ಲ ಅಂತ ಮಕ್ಕಳನ್ನು ಹೋಗಲು ಬಿಡುತ್ತಿರಲಿಲ್ಲ. ದೊಡ್ಡವರಾದ ಮೇಲೂ ಆಸ್ಟ್ರುಪ್ ಬರೆದ ಬೆಂಕಿ ದೂರದಿಂದ, ಅಂಚಿನಲ್ಲಿ ನಿಂತ ಒಬ್ಬರು ನೋಡುತ್ತಿರುವ ಬೆಂಕಿಯಂತೆ ಕಾಣುತ್ತದೆ. ನಾವು ಎಲ್ಲಿ ನಿಂತು ನೋಡುತ್ತೇವೆ ಅನ್ನುವುದೂ ಚಿತ್ರದೊಳಗೆ ಬಂದುಬಿಡುತ್ತದೆ, ಅಲ್ವಾ?

ನೆರಳೇ ಇಲ್ಲದ ದಾರಿ

ಬೆಳಕೇ ಎಲ್ಲ ಅಂದೆ. ಆದರೆ ನನ್ನ ಮಾತಿಗೆ ಒಗ್ಗದ ಚಿತ್ರಗಳೂ ಇವೆ. ಅವುಗಳಲ್ಲಿ ಕೆಲವು ನನಗೆ ಬಹಳ ಪ್ರೀತಿಯವು.

ಪೋಲೆಂಡಿನ ಜೋಫಿಯಾ ಸ್ಟ್ರಿಯೆನ್ಸ್ಕಾ ಹುಟ್ಟಿದ್ದು 1891ರಲ್ಲಿ. ಮ್ಯೂನಿಕ್ ಅಕಾಡೆಮಿಗೆ ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1911ರಲ್ಲಿ ಇವರು ಕೂದಲು ಕತ್ತರಿಸಿ, ಗಂಡುಡುಗೆ ತೊಟ್ಟು, ಗಂಡಸಿನ ಹೆಸರಿನಲ್ಲಿ ಸೇರಿ ಸುಮಾರು ಒಂದು ವರ್ಷ ಕಲಿತರು. 1918ರಲ್ಲಿ ಸ್ಲಾವ್ ದೇವತೆಗಳ ಲಿಥೋಗ್ರಾಫ್ ಮಾಲೆ ತಂದರು. ಅದೇ ವರ್ಷ ಪೋಲೆಂಡ್ ಮತ್ತೆ ಸ್ವತಂತ್ರ ದೇಶವಾಯಿತು. 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದಲ್ಲಿ ಪೋಲೆಂಡಿನ ಮಂಟಪಕ್ಕೆ ಅವರು ವರ್ಷದ ತಿಂಗಳುಗಳನ್ನು ದೊಡ್ಡ ಫಲಕಗಳಲ್ಲಿ ಬರೆದರು. ಆ ಪ್ರದರ್ಶನದಲ್ಲಿ ಅವರಿಗೆ ಹಲವು ಬಹುಮಾನ ಬಂದವು.

ಇವರ ಜನರಿಗೆ ನೆರಳು ಬೀಳುವುದಿಲ್ಲ. ಬಣ್ಣ ಚಪ್ಪಟೆ, ಗೆರೆ ಗಟ್ಟಿ. ಆದರೆ ಎಲ್ಲರೂ ಚಲಿಸುತ್ತಿದ್ದಾರೆ. ಲಂಗ ಹಾರುತ್ತದೆ, ರಿಬ್ಬನ್ ಹಾರುತ್ತದೆ, ಮೊಣಕಾಲು ಮಡಚಿದೆ, ಪಾದ ನೆಲ ಬಿಟ್ಟಿದೆ. ಬೆಳಕಿನ ಬದಲು ಅವರು ಹಿಡಿದದ್ದು ಕುಣಿತದ ಲಯ. ಹಬ್ಬದ ದೇಹ ಅದು. ಬೆಂಕಿ ನೋಡುತ್ತಾ ನಿಂತವರ ಕಣ್ಣಿನಿಂದಲ್ಲ, ಬೆಂಕಿ ಸುತ್ತ ಕೈ ಹಿಡಿದು ಸುತ್ತುತ್ತಿರುವವರ ಕಾಲಿನಿಂದ ಬರೆದ ಚಿತ್ರಗಳು. ಹಾಗಾಗಿ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಬೆಳಕು ಹಿಡಿಯಬೇಕು, ಇಲ್ಲವೇ ಲಯ ಹಿಡಿಯಬೇಕು. ಎರಡೂ ಇಲ್ಲದಿದ್ದರೆ ಉಳಿಯುವುದು ವೇಷ ಮಾತ್ರ.

ಉಕ್ರೇನಿನಲ್ಲಿ ಈ ಚಪ್ಪಟೆ ಬಣ್ಣದ ದಾರಿ ಹಳ್ಳಿಯ ಗೋಡೆಗಳಿಂದಲೇ ಬಂದಿದೆ. ಪೆಟ್ರಿಕಿವ್ಕಾ ಅನ್ನುವ ಊರಿನ ಹೂಬಳ್ಳಿಯ ಚಿತ್ತಾರ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮನೆಗೋಡೆ, ಒಲೆ, ಪೆಟ್ಟಿಗೆಗಳ ಮೇಲೆ ಬರೆಯುತ್ತಿದ್ದ ಕಲೆ ಅದು. ಬೆಕ್ಕಿನ ಕೂದಲಿನಿಂದ ಮಾಡಿದ ಸಣ್ಣ ಕುಂಚದಲ್ಲಿ ಎಳೆಯುವ ಒಂದೊಂದು ಎಳೆಯೂ ಒಂದೇ ಉಸಿರಿನದು. ದಪ್ಪಗೆ ಶುರುವಾಗಿ ಕೂದಲೆಳೆಯಾಗಿ ಮುಗಿಯುತ್ತದೆ. ಮಾರಿಯಾ ಪ್ರಿಮಚೆಂಕೊ ಬೊಲೊಟ್ನಿಯಾ ಅನ್ನುವ ಹಳ್ಳಿಯಲ್ಲಿ ಬದುಕಿದವರು. ಅವರು ಬರೆದ ಪ್ರಾಣಿಗಳು ಯಾವ ಕಾಡಿನಲ್ಲೂ ಇಲ್ಲ, ಹೂಗಳು ಯಾವ ಗಿಡದಲ್ಲೂ ಇಲ್ಲ. ಅರಳದ ಜರಿಹೂ ಹುಡುಕುವ ನಾಡಿನಲ್ಲಿ ಇಂಥ ಕಣ್ಣು ಹುಟ್ಟಿದ್ದು ನನಗೆ ಸಹಜ ಅನಿಸುತ್ತದೆ. 2022ರ ಫೆಬ್ರವರಿ ಕೊನೆಯಲ್ಲಿ, ಯುದ್ಧದ ಮೊದಲ ದಿನಗಳಲ್ಲೇ, ಅವರ ಚಿತ್ರಗಳಿದ್ದ ಇವಾನ್ಕಿವ್ ಮ್ಯೂಸಿಯಂ ಸುಟ್ಟುಹೋಯಿತು. ಊರಿನವರು ಉರಿಯುವ ಕಟ್ಟಡದಿಂದ ಚಿತ್ರಗಳನ್ನು ಹೊರಗೆ ತಂದರು. ಮುಂದಿನ ತಿಂಗಳು ಮರಿಯುಪೊಲ್‌ನಲ್ಲಿ ಕುಯಿಂಜಿ ಹೆಸರಿನ ಮ್ಯೂಸಿಯಂಗೂ ಬಾಂಬ್ ಬಿತ್ತು.

ಹಾಗಾಗಿ ಈಗ ಉಕ್ರೇನಿನಲ್ಲಿ ಕುಪಾಲಾ ಬರೆಯುವವರಿಗೆ ಬೆಂಕಿ ಅನ್ನುವ ಪದವೇ ಮೊದಲಿನಂತೆ ಉಳಿದಿಲ್ಲ. ರಾತ್ರಿ ಕರ್ಫ್ಯೂ ಇರುವ ಊರಿನಲ್ಲಿ ನಡುರಾತ್ರಿಯ ಹಬ್ಬ ಮೊದಲಿನಂತೆ ನಡೆಯುವುದಿಲ್ಲ. ಬೆಂಕಿ ಕಂಡರೆ ಹಾರುವ ಮನಸ್ಸಾಗುವುದಿಲ್ಲ. ದೂರ ತೇಲಿಹೋಗುವ ದಂಡೆ, ಆರದಿರಲಿ ಅಂತ ಕಾಯುವ ಬತ್ತಿ ಇವುಗಳಿಗೆ ಬಂದಿರುವ ಭಾರವನ್ನು ನಾನು ವಿವರಿಸಬೇಕಾಗಿಲ್ಲ.

ಇದ್ದ ದೇವರು, ಕಟ್ಟಿದ ದೇವರು

ಇತ್ತೀಚಿನ ಎಷ್ಟೋ ಚಿತ್ರಗಳಲ್ಲಿ ಕುಪಾಲಾ ಒಬ್ಬ ದೇವರಾಗಿ ಕಾಣಿಸಿಕೊಳ್ಳುತ್ತಾನೆ. ಗಡ್ಡ, ಕಿರೀಟ, ಸುತ್ತ ಜ್ವಾಲೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕುಪಾಲಾ ಅನ್ನುವ ದೇವರ ಮಾತು ಬರುವುದು 17ನೇ ಶತಮಾನದ ಬರಹಗಳಲ್ಲಿ, ಅಂದರೆ ಆ ನಾಡು ಕ್ರೈಸ್ತವಾಗಿ ಆರು ನೂರು ವರ್ಷಗಳಾದ ಮೇಲೆ. ಹಬ್ಬದ ಹೆಸರನ್ನೇ ದೇವರ ಹೆಸರು ಅಂತ ಆ ಬರಹಗಾರರು ತಿಳಿದುಕೊಂಡರು ಅನ್ನುವುದು ಬಹಳ ವಿದ್ವಾಂಸರ ಅಭಿಪ್ರಾಯ. ಹಳ್ಳಿಯಲ್ಲಿ ಇದ್ದದ್ದು ಹುಲ್ಲಿನ ಬೊಂಬೆ, ರಿಬ್ಬನ್ ಕಟ್ಟಿದ ವಿಲೋ ಕೊಂಬೆ. ರಾತ್ರಿ ಮುಗಿಯುವಾಗ ಅದನ್ನು ಮುರಿದು ನೀರಿಗೆ ಹಾಕುತ್ತಿದ್ದರು, ಇಲ್ಲವೇ ಸುಡುತ್ತಿದ್ದರು. ಚಿತ್ರಕಾರರು ಇದ್ದಿಲಿನಲ್ಲಿ ಗೆರೆ ಎಳೆಯುತ್ತಾರಲ್ಲ, ಆ ಇದ್ದಿಲನ್ನು ಹೆಚ್ಚಾಗಿ ಮಾಡುವುದು ವಿಲೋ ಕಡ್ಡಿ ಸುಟ್ಟೇ. ಹಬ್ಬದ ಮರವೇ ಕೈಯಲ್ಲಿರುವಾಗ ಕಿರೀಟದ ದೇವರು ಯಾಕೆ ಬೇಕು ಅಂತ ನನಗೆ ಅನಿಸುತ್ತದೆ.

ಕಲ್ಪನೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಸ್ಟ್ರಿಯೆನ್ಸ್ಕಾ ಕೂಡ ಕಲ್ಪಿಸಿದರು. ಅವರ ದೇವತೆಗಳು ಹಳ್ಳಿಯ ಜಾತ್ರೆಯಿಂದ ಎದ್ದುಬಂದ ಹಾಗಿವೆ. ಆದರೆ ಕಲ್ಪನೆಯನ್ನು ಇತಿಹಾಸ ಅಂತ ಮುಂದಿಟ್ಟು, ನಮ್ಮದು ಶುದ್ಧ ಕುಲ, ಇದು ನಮ್ಮ ಪೂರ್ವಜರ ಮುಖ ಅಂತ ಹೇಳುವ ಚಿತ್ರಗಳೂ ಇವೆ. ಅಲ್ಲಿ ಹಬ್ಬದ ಆಟವೂ ಭಯವೂ ಹೋಗಿ ಬರೀ ಸೊಕ್ಕು ಉಳಿಯುತ್ತದೆ.

ಜರಿಹೂವನ್ನು ಬರೆಯುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಇಲ್ಲದ ಹೂವನ್ನು ಹೇಗೆ ಬರೆಯುವುದು? ತಾವರೆಯಂಥ ಒಂದು ಹೊಳೆಯುವ ಹೂ ಇಟ್ಟರೆ ಅದು ಯಾವುದೋ ಹೂ ಆಗುತ್ತದೆ, ಜರಿಹೂ ಆಗುವುದಿಲ್ಲ. ರಾಜಜರಿ ಅನ್ನಬಹುದಾದ ಒಂದು ಜಾತಿ ಯುರೋಪಿನಲ್ಲಿದೆ. ಅದರ ಬೀಜಕ ಹೊತ್ತ ಎಲೆ ತುಕ್ಕುಬಣ್ಣದ ಗೊನೆಯಂತೆ ಮೇಲೆ ನಿಲ್ಲುತ್ತದೆ. ದೂರದಿಂದ ಹೂವಿನ ತೆನೆಯೇ ಅನಿಸುತ್ತದೆ. ಕಥೆಗೆ ಅದೂ ಒಂದು ಮೂಲವಿದ್ದೀತು. ಆದರೆ ನನಗೆ ಹಿಡಿಸುವ ದಾರಿ ಇನ್ನೂ ಸರಳ. ಹೂವನ್ನು ಬರೆಯದೆ ಬಿಡುವುದು. ಕಾಡಿನ ಕತ್ತಲು, ಬಾಗಿದ ಜರಿ ಎಲೆಗಳು, ಅವುಗಳ ಅಡಿಯಿಂದ ಒಂದು ಮುಖಕ್ಕೆ ಬಿದ್ದ ಬೆಳಕು. ಬೆಳಕು ಎಲ್ಲಿಂದ ಬಂತು ಅಂತ ನೋಡುವವರೇ ಹುಡುಕಲಿ.

ಕುಯಿಂಜಿಯ ಶಿಷ್ಯ, ಮತ್ತು ಬೆಂಗಳೂರು

ಕುಯಿಂಜಿ ಆಮೇಲೆ ಅಕಾಡೆಮಿಯಲ್ಲಿ ಮೇಷ್ಟ್ರಾದರು. ಅವರ ಶಿಷ್ಯರಲ್ಲಿ ಒಬ್ಬರು ನಿಕೊಲಸ್ ರೋರಿಕ್, ಹುಟ್ಟಿದ್ದು 1874ರಲ್ಲಿ. ರೋರಿಕ್‌ಗೆ ಹಳೆಯ ಸಮಾಧಿ ದಿಬ್ಬಗಳನ್ನು ಅಗೆದು ನೋಡುವ ಹವ್ಯಾಸ ಚಿಕ್ಕಂದಿನಿಂದಲೂ ಇತ್ತು. ಸ್ಮೊಲೆನ್ಸ್ಕ್ ಬಳಿಯ ತಲಾಷ್ಕಿನೊದಲ್ಲಿ ರಾಜಕುಮಾರಿ ತೆನಿಷೆವಾ ಹಳ್ಳಿಯ ಉಡುಗೆ, ಕಸೂತಿ, ಮರದ ಕೆಲಸಗಳ ದೊಡ್ಡ ಸಂಗ್ರಹ ಮಾಡಿದ್ದರು. ರೋರಿಕ್ ಅವನ್ನೆಲ್ಲ ಕೂತು ನೋಡಿದರು. 1911ರ ಬೇಸಿಗೆಯಲ್ಲಿ ಸಂಗೀತಗಾರ ಸ್ಟ್ರವಿನ್ಸ್ಕಿ ಅಲ್ಲಿಗೇ ಬಂದರು. ಇಬ್ಬರೂ ಸೇರಿ 'ದಿ ರೈಟ್ ಆಫ್ ಸ್ಪ್ರಿಂಗ್' ಬ್ಯಾಲೆಗೆ ರೂಪ ಕೊಟ್ಟರು. 1913ರ ಮೇ 29ರಂದು ಪ್ಯಾರಿಸಿನಲ್ಲಿ ಅದರ ಮೊದಲ ಪ್ರದರ್ಶನ ನಡೆದಾಗ ಸಭೆಯಲ್ಲಿ ಗಲಾಟೆಯೇ ಆಯಿತು. ರಂಗದ ಪರದೆ, ಉಡುಗೆ ಎಲ್ಲ ರೋರಿಕ್‌ರದು. ಹೆಸರಿನಲ್ಲಿ ವಸಂತ ಇದೆ. ಆದರೆ 1910ರಲ್ಲಿ ಪತ್ರಿಕೆಯೊಂದಕ್ಕೆ ಹೇಳುವಾಗ ರೋರಿಕ್ ಇದನ್ನು ಬೇಸಿಗೆಯ ಒಂದು ರಾತ್ರಿಯ ಕಥೆ ಅಂದಿದ್ದರು. ಗುಡ್ಡದ ಮೇಲೆ ರಾತ್ರಿ ಶುರುವಾಗಿ ಸೂರ್ಯನ ಮೊದಲ ಕಿರಣಕ್ಕೆ ಮುಗಿಯುವ ಕಥೆ. ಯಾವ ರಾತ್ರಿಯ ನೆನಪು ಅದರ ಹಿಂದಿತ್ತು ಅಂತ ಊಹಿಸುವುದು ಕಷ್ಟವಲ್ಲ.

ರೋರಿಕ್ ಆಮೇಲೆ ಹಿಮಾಲಯಕ್ಕೆ ಬಂದು ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದರು. ಸ್ಲಾವ್ ಕಥೆಗಳಲ್ಲಿ ಕೊಳಲೂದುವ ಲೆಲ್ ಅನ್ನುವ ದನಗಾಹಿ ಹುಡುಗ ಇದ್ದಾನೆ. 1921ರಲ್ಲಿ ಅವರು ಅವನನ್ನು ಹಿಮದ ಹುಡುಗಿ ಸ್ನೆಗುರೋಚ್ಕಾಳ ಜೊತೆ ಬರೆದಿದ್ದರು. 1930ರಲ್ಲಿ ಕುಲುವಿನಲ್ಲಿ ಕೃಷ್ಣನನ್ನು ಬರೆದರು. ಹೂ ಬಿಟ್ಟ ಮರದಡಿ ಕೂತು ಕೊಳಲೂದುವ ಕೃಷ್ಣ, ಹಿಂದೆ ಹಿಮದ ಬೆಟ್ಟ. ಎರಡು ಕೊಳಲುಗಳೂ ಅವರಿಗೆ ಒಂದೇ ರಾಗದಲ್ಲಿ ಕೇಳಿಸಿದ್ದವು.

ಅವರ ಮಗ ಸ್ವೆತೊಸ್ಲಾವ್ ರೋರಿಕ್ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ ಬೆಂಗಳೂರಿಗೆ ಬಂದರು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದಶಕಗಳ ಕಾಲ ಬದುಕಿ 1993ರಲ್ಲಿ ತೀರಿಕೊಂಡರು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಗ ಇಬ್ಬರ ಚಿತ್ರಗಳೂ ಇವೆ. ತಂದೆಯ ಬೆಟ್ಟಗಳ ಎದುರು ನಿಲ್ಲುವಾಗ ನಾನು ಶಿಖರ ನೋಡುವುದಿಲ್ಲ, ಅಂಚು ನೋಡುತ್ತೇನೆ. ಬೆಟ್ಟದ ಗಾಢ ನೀಲಿ ಮುಗಿದು ಆಕಾಶ ಶುರುವಾಗುವ ಕಡೆ ಒಂದು ಹಸಿರು-ಹಳದಿ ಪಟ್ಟಿ ಇರುತ್ತದೆ. ಸೂರ್ಯ ಇಲ್ಲ, ಆದರೆ ಬೆಳಕು ಹೋಗಿಲ್ಲ. ಟೆಂಪರಾ ಬಣ್ಣದ ಆ ಒಣ, ಮೆದು ಹೊಳಪು ಎಣ್ಣೆ ಬಣ್ಣಕ್ಕೆ ಬರುವುದಿಲ್ಲ. ಪಕ್ಕದ ಚಿತ್ರಕ್ಕೆ ಹೋಗುವ ಮೊದಲು ಅಲ್ಲೇ ಒಂದೆರಡು ನಿಮಿಷ ನಿಂತರೆ ನೀಲಿಯೊಳಗಿನ ಬೇರೆ ಬೇರೆ ಕತ್ತಲುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.